ಗಟ್ಟಿ ನೆಲದ ತಿರುವು

ನಮ್ಮ ಊರಿಗೆ ಹೆದ್ದಾರಿ ಬಂತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆದ್ದಾರಿಗೆ ನಮ್ಮ ಊರು ಬಂದದ್ದು. ಮೊದಲು ಇಲ್ಲಿ ಬರೀ ಬಯಲು. ಬಯಲಿನ ಮೇಲೊಂದು ರಸ್ತೆ, ರಸ್ತೆಗೊಂದು ತಿರುವು. ತಿರುವಿನಲ್ಲಿ ಲಾರಿಗಳು ನಿಧಾನವಾಗುತ್ತವೆ ಎಂದು ಯಾರೋ ಪುಣ್ಯಾತ್ಮ ಚಹಾದ ಒಲೆ ಹೂಡಿದ. ಲಾರಿ ನಿಂತರೆ ಡ್ರೈವರು ಕೆಳಗಿಳಿದು ಚಕ್ರಕ್ಕೊಂದು ಒದೆ ಕೊಟ್ಟು ನೋಡುತ್ತಾನೆ, ಹಾಗಾಗಿ ಪಂಕ್ಚರ್ ಅಂಗಡಿ ಬಂತು. ಆಮೇಲೆ ಕ್ಷೌರದ ಅಂಗಡಿ, ಬಸ್ ನಿಲ್ದಾಣ, ಶಾಲೆ, ಹೆರಿಗೆ ಆಸ್ಪತ್ರೆ, ಒಂದು ಬ್ಯಾಂಕು, ಬ್ಯಾಂಕಿನ ಎದುರಿಗೆ ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ವಕೀಲರು. ಇಷ್ಟೂ ಸೇರಿ ಊರಾಯಿತು. ಬಸ್ಸಿನವರು ಇವತ್ತಿಗೂ "ಯಾರ್ರೀ ತಿರುವು, ಇಳೀರಿ" ಎಂದೇ ಕೂಗುತ್ತಾರೆ.

ಆ ಪಂಕ್ಚರ್ ಅಂಗಡಿ ನನ್ನದು. ಗಂಡ ತೀರಿಕೊಂಡಾಗ, ಹೆಂಗಸು ಲಾರಿ ಟೈರು ಬಿಚ್ಚುವುದುಂಟೇ ಎಂದು ನಕ್ಕವರೆಲ್ಲ ಈಗ "ಅಕ್ಕಾ, ಸ್ವಲ್ಪ ಬೇಗ" ಎಂದು ಕೈಕಟ್ಟಿ ನಿಲ್ಲುತ್ತಾರೆ. ನಾನು ಬೇಗ ಮಾಡುವುದಿಲ್ಲ. ಟ್ಯೂಬನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಸಿಗುವವರೆಗೆ ತಿರುಗಿಸುತ್ತೇನೆ. ಅರದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗುವ ತನಕ ಯಾರು ಏನೇ ಬಡಬಡಿಸಿದರೂ ಪ್ಯಾಚು ಒತ್ತುವುದಿಲ್ಲ. ಅವಸರ ಮಾಡಿದವರಿಗೆ ಸರಿಯಾಗಿ ಬೈಯುತ್ತೇನೆ. ಊರಿನವರು ನನಗೆ ಕಂಪ್ರೆಸರ್ ಎಂದು ಹೆಸರಿಟ್ಟಿದ್ದಾರೆ. ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ, ನನಗೆ ಗೊತ್ತಿಲ್ಲ ಎಂದು ಭಾವಿಸಿದ್ದಾರೆ.

ಈ ಬಾಯಿ ನನಗೆ ಅಮ್ಮನಿಂದ ಬಂದದ್ದು. ಅವಳಿಂದ ಬಂದದ್ದು ಅದೊಂದೇ ಎಂದು ನಾನು ಬಹಳ ವರ್ಷ ನಂಬಿದ್ದೆ.

ಅಮ್ಮ ಈ ಹೆದ್ದಾರಿಗೆ ಜಲ್ಲಿ ಒಡೆದವಳು. ರಸ್ತೆ ಬೆಟ್ಟದ ಕಲ್ಲುಗಣಿಗಳಲ್ಲಿ ಹುಟ್ಟಿ, ಹಾವಿನಂತೆ ಇಳಿದು, ಬಯಲಿಗೆ ಬಿದ್ದ ಮೇಲೆ ಸೀದಾ ಹೊರಟು ನದಿಯ ಸೇತುವೆ ದಾಟಿ ಬಂದರು ಸೇರುತ್ತದೆ. ಅದಕ್ಕೂ ಮೊದಲು ಇದೇ ಜಾಡಿನಲ್ಲಿ ಗಾಡಿಗಳು ಹೋಗುತ್ತಿದ್ದವಂತೆ. ಗಾಡಿಗಳಿಗೂ ಮೊದಲು ಸಮುದ್ರದ ಉಪ್ಪು ಹೊತ್ತ ಕತ್ತೆಗಳು, ಕತ್ತೆಗಳಿಗೂ ಮೊದಲು ಉಪ್ಪು ಹೊತ್ತ ಮನುಷ್ಯರು. ಅಮ್ಮನ ತಂಡ ಬೆಟ್ಟದ ಕಡೆಯಿಂದ ಕೆಲಸ ಮಾಡುತ್ತಾ ಡೇರೆ ಎತ್ತುತ್ತಾ ಮುಂದೆ ಬಂತು. ರಸ್ತೆ ಮುಗಿದ ಮೇಲೆ ತಂಡದವರೆಲ್ಲ ಮುಂದಿನ ರಸ್ತೆ ಹುಡುಕಿಕೊಂಡು ಹೋದರು. ಅಪ್ಪನಿಗೆ ಮಾತ್ರ ದುರಸ್ತಿಯ ಗ್ಯಾಂಗಿನಲ್ಲಿ ಕೆಲಸ ಸಿಕ್ಕಿ, ನಮ್ಮ ಮನೆ ತಿರುವಿನಲ್ಲೇ ಉಳಿಯಿತು.

ನಮ್ಮ ಮನೆ ಎಂದೆ. ಅವರ ಮನೆ ಎನ್ನಬೇಕು. ನನ್ನನ್ನು ಅಮ್ಮ ಮೊಲೆ ಬಿಡಿಸಿದ ಕೂಡಲೇ ಬೆಟ್ಟದಾಚೆ ಅಜ್ಜಿಯ ಮನೆಯಲ್ಲಿ ಬಿಟ್ಟಳು. ರಸ್ತೆ ಮುಗಿದ ಮೇಲೆ ಹುಟ್ಟಿದ ತಮ್ಮನನ್ನು ಮಾತ್ರ ಸೊಂಟದಿಂದ ಇಳಿಸಲಿಲ್ಲ. ಅಜ್ಜಿ ಸತ್ತು ನಾನು ಇಲ್ಲಿಗೆ ಬರುವಷ್ಟರಲ್ಲಿ ಉದ್ದ ಲಂಗದ ಹುಡುಗಿಯಾಗಿದ್ದೆ, ಅಮ್ಮ ನನಗೆ ಪರವೂರಿನ ಹೆಂಗಸಾಗಿದ್ದಳು. ತಲೆ ಬಾಚಿದವಳಲ್ಲ, ಪಕ್ಕದಲ್ಲಿ ಮಲಗಿಸಿಕೊಂಡವಳಲ್ಲ. ಊಟ ಹಾಕಿದಳು, ಬೈದಳು, ಮದುವೆ ಮಾಡಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಾನು ಹೆಗ್ಗಣಕ್ಕಿಂತ ಕಡೆ ಎಂದು ಎಷ್ಟೋ ಸಲ ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತಿದ್ದೇನೆ.

ಈಗ ಅಮ್ಮನಿಗೆ ಮಂಡಿ ಹೋಗಿದೆ. ಕುಕ್ಕರಗಾಲಲ್ಲಿ ಕೂತು ಕಲ್ಲು ಒಡೆದ ಮಂಡಿ, ಅದು ಇಷ್ಟು ವರ್ಷ ಬಂದದ್ದೇ ಹೆಚ್ಚು. ಕಿವಿಯೂ ಅರ್ಧ. ಅಪ್ಪ ಹೋದ ಮೇಲೆ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇರುತ್ತಾಳೆ. ನಾನು ಟೈರು ಬಿಚ್ಚುವುದನ್ನು ಕಿಟಕಿಯಿಂದ ನೋಡಿ "ಲಿವರ್ ಹಾಗೆ ಹಾಕ್ತಾರಾ?" ಎಂದು ಗೊಣಗುತ್ತಾಳೆ. ಒಂದು ದಿನ ನನಗೆ ಸಾಕಾಯಿತು. ತಮ್ಮನಿಗೆ ಫೋನ್ ಮಾಡಿ, "ನೋಡಪ್ಪಾ, ಮುದ್ದು ಮಾಡಿಸ್ಕೊಂಡವನು ನೀನು. ಇನ್ನು ನೀನು ನೋಡ್ಕೋ" ಎಂದೆ. ಅವನು ಒಳ್ಳೆಯವನೇ, ಹೂಂ ಎಂದ. ಆದರೆ ಅವನ ಮನೆ ಇರುವುದು ನಗರದಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಈ ಮಂಡಿಯಲ್ಲಿ ಅಮ್ಮ ಒಮ್ಮೆ ಹತ್ತಿದಳೆಂದರೆ ಮತ್ತೆ ತಾನಾಗಿ ಇಳಿಯುವುದಿಲ್ಲ. ಅದು ನನಗೆ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು. ಅಮ್ಮನಿಗೆ ಹೇಳಿದಾಗ ಅವಳು ಒಂದು ಕ್ಷಣ ನನ್ನನ್ನೇ ನೋಡಿ, "ಆಯ್ತು" ಎಂದಳು. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಅದನ್ನೂ ಕೊಡಲಿಲ್ಲ ಮಹಾತಾಯಿ.

ತಮ್ಮ ಕಾರು ತರುತ್ತೇನೆಂದ ದಿನವೇ ಶಾಲೆಯ ಸಭಾಂಗಣದಲ್ಲಿ ಹೆದ್ದಾರಿ ಇಲಾಖೆಯ ಸಭೆ ಇತ್ತು. ರಸ್ತೆ ಅಗಲವಾಗುತ್ತದೆ, ತಿರುವು ತೆಗೆದು ನೇರ ಮಾಡುತ್ತಾರೆ, ಊರಿನವರು ಏನಾದರೂ ಹೇಳುವುದಿದ್ದರೆ ಬಂದು ಹೇಳಬಹುದು ಎಂದು ಪತ್ರಿಕೆಯಲ್ಲಿ ಹಾಕಿಸಿದ್ದರು. ನಾನು ಅಂಗಡಿಯ ಬಾಗಿಲು ಎಳೆದು ಹೊರಟೆ. ಅಮ್ಮ ತಾನೂ ಬರುತ್ತೇನೆ ಎಂದಳು. "ನಿನಗೇನಿದೆ ಅಲ್ಲಿ?" ಎಂದರೆ, "ಚಹಾ ಕೊಡ್ತಾರಂತೆ" ಎಂದಳು. ಅವಳ ಬಟ್ಟೆಯ ಚೀಲ ಆಗಲೇ ಕಟ್ಟಿ ಬಾಗಿಲ ಪಕ್ಕ ಇಟ್ಟಾಗಿತ್ತು. ಕೊನೇ ದಿನ ಯಾಕೆ ಬೇಡ ಅನ್ನಲಿ ಎಂದು ಕೈಹಿಡಿದು ನಡೆಸಿಕೊಂಡು ಹೋದೆ. ರಸ್ತೆ ದಾಟುವಾಗ ಎರಡೂ ಕಡೆ ಲಾರಿಗಳು ನಿಧಾನವಾಗಿ ನಮಗಾಗಿ ಕಾದವು.

ಸಭಾಂಗಣ ತುಂಬಿ ತುಳುಕುತ್ತಿತ್ತು. ಅಮ್ಮನಿಗೆ ಗೋಡೆಯ ಪಕ್ಕ ಒಂದು ಕುರ್ಚಿ ಸಿಕ್ಕಿತು, ನಾನು ಕಿಟಕಿಗೆ ಒರಗಿ ನಿಂತೆ. ಇಲಾಖೆಯಿಂದ ಬಂದಿದ್ದವಳು ನಮ್ಮ ಮಕ್ಕಳ ವಯಸ್ಸಿನ ಇಂಜಿನಿಯರಮ್ಮ. ಕಾಲಿಗೆ ಕೆಸರು ಮೆತ್ತಿದ ಬೂಟು. ಬೆಳಿಗ್ಗೆಯಿಂದ ರಸ್ತೆಯಲ್ಲೇ ಇದ್ದವಳು ಎಂದು ನೋಡಿದರೇ ತಿಳಿಯುತ್ತಿತ್ತು, ಅದಕ್ಕೇ ನನಗೆ ಹಿಡಿಸಿದಳು. ಕಿಟಕಿಗಳಿಗೆ ಪರದೆ ಎಳೆಸಿ, ಗೋಡೆಯ ಮೇಲೆ ಒಂದು ಚಿತ್ರ ಬಿಟ್ಟಳು.

"ಇದು ಆಕಾಶದಿಂದ ತೆಗೆದಿದ್ದು. ಇದು ನಿಮ್ಮ ರಸ್ತೆ."

ಜನ ಉಸಿರು ಬಿಡುವುದನ್ನೇ ಮರೆತರು. ನಾನೂ ಮರೆತೆ. ಇಷ್ಟು ವರ್ಷ ಈ ರಸ್ತೆಯ ಧೂಳು ತಿಂದವಳು ನಾನು, ಆದರೆ ಅದನ್ನು ಹೀಗೆ ಕಂಡವಳಲ್ಲ. ಅಬ್ಬಾ! ಒಂದು ಮೂಲೆಯಲ್ಲಿ ಬೆಟ್ಟ, ಇನ್ನೊಂದು ಮೂಲೆಯಲ್ಲಿ ಸಮುದ್ರದ ನೀಲಿ. ಬೆಟ್ಟದ ಬುಡದಿಂದ ಸೇತುವೆಯವರೆಗೆ ಯಾರೋ ಎರಡು ಬೆರಳಲ್ಲಿ ಜಗ್ಗಿ ಹಿಡಿದ ದಾರದ ಹಾಗೆ ರಸ್ತೆ. ಇಷ್ಟನ್ನೂ ಮನುಷ್ಯರು ಬುಟ್ಟಿಯಲ್ಲಿ ಕಲ್ಲು ಹೊತ್ತು ಮಾಡಿದರಲ್ಲ ಎಂದು ಮೈ ಜುಮ್ಮೆಂದಿತು. ಆ ದಾರಕ್ಕೆ ನಡುವೆ ಒಂದೇ ಒಂದು ಸುಕ್ಕು. ಆ ಸುಕ್ಕಿಗೆ ಅಂಟಿಕೊಂಡು ಕಾಳು ಚೆಲ್ಲಿದಂತೆ ನಮ್ಮ ಮನೆಗಳು.

"ಅದು ನಾವಾ?" ಎಂದು ಚಹಾದಂಗಡಿಯವನು ಕೇಳಿದ. ಅವನಿಗೆ ಸಕ್ಕರೆ ಎಂದು ಹೆಸರು, ಏಕೆಂದರೆ ಎಷ್ಟು ಬೇಡಿಕೊಂಡರೂ ಹಾಕುವುದಿಲ್ಲ.

"ನೀವೇ," ಎಂದಳು ಇಂಜಿನಿಯರಮ್ಮ. "ನನಗೆ ಅರ್ಥವಾಗದೇ ಇರೋದು ಇದೊಂದೇ. ಗುಡ್ಡ ಇಲ್ಲ, ಹಳ್ಳ ಇಲ್ಲ, ಬಂಡೆ ಇಲ್ಲ. ಇಷ್ಟು ದೂರ ಸೀದಾ ಬಂದ ರಸ್ತೆ ಇಲ್ಲಿ ಯಾಕೆ ಬಾಗಿದೆ? ಹಳೇ ದಾಖಲೆಯಲ್ಲಿ ಮೆತ್ತನೆ ಮಣ್ಣು ಅಂತಿದೆ. ಹಾಗಾದ್ರೆ ನಾನು ನೇರ ಮಾಡೋ ಹಾಗಿಲ್ಲ, ರಸ್ತೆ ಕುಸಿಯುತ್ತೆ. ಆದ್ರೆ ನಾವು ಕೊರೆದು ನೋಡಿದ್ವಿ. ನೆಲ ಕಬ್ಬಿಣದ ಹಾಗಿದೆ. ಯಾರಿಗಾದ್ರೂ ಗೊತ್ತಾ?"

ಯಾರಿಗಾದರೂ ಗೊತ್ತೇ ಎಂದು ನಮ್ಮ ಊರಿನಲ್ಲಿ ಕೇಳಬಾರದು. ಎಲ್ಲರಿಗೂ ಎಲ್ಲವೂ ಗೊತ್ತು. ಕ್ಷೌರಿಕ ಎದ್ದು, ಹಿಂದೆ ಆಳುತ್ತಿದ್ದ ದೊರೆಯ ಅತ್ತೆಯ ಮನೆ ಇಲ್ಲಿತ್ತೆಂದೂ, ಅತ್ತೆಯ ಕಣ್ಣಿಗೆ ಬೀಳಬಾರದೆಂದು ದೊರೆ ರಸ್ತೆಯನ್ನು ಸುತ್ತುಹಾಕಿಸಿದನೆಂದೂ ಹೇಳಿದ. ಸಕ್ಕರೆ, ಗೆರೆ ಎಳೆದ ಮೇಸ್ತ್ರಿ ಆವತ್ತು ಕುಡಿದಿದ್ದ ಎಂದ. ಯಾವುದೋ ಮಂತ್ರಿಯ ಷಡ್ಡಕನ ಜಮೀನು ಉಳಿಸಲು ಹೀಗೆ ಮಾಡಿದರು ಎಂದು ಒಬ್ಬ ವಕೀಲ ಹೇಳಿದ. ತಕ್ಷಣ ಇನ್ನೊಬ್ಬ ವಕೀಲ, ಉಳಿಸಲಿಕ್ಕಲ್ಲ, ಹಾಳುಮಾಡಲಿಕ್ಕೆ ಎಂದ. ಇಂಜಿನಿಯರಮ್ಮ ನಗುತ್ತಾ ಎಲ್ಲ ಕೇಳಿಸಿಕೊಂಡಳು.

ಆಗ ಮೊದಲ ಸಾಲಿನಲ್ಲಿ ಒಬ್ಬ ಹಿರಿಯರು ಊರುಗೋಲು ಹಿಡಿದು ಎದ್ದರು. ನಮ್ಮ ಊರಿನವರಲ್ಲ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

"ನಾನು ಬಂದರಿನ ಕಡೆಯಿಂದ ಬಸ್ಸಲ್ಲಿ ಬಂದೆ. ಪೇಪರಲ್ಲಿ ನೋಡಿದೆ. ಹಿಂದೆ ಇಲ್ಲಿ ಓವರ್‌ಸಿಯರ್ ಆಗಿದ್ದೆ." ಒಂದು ಸಲ ಗಂಟಲು ಸರಿಮಾಡಿಕೊಂಡರು. "ಮೆತ್ತನೆ ಮಣ್ಣು ಅಂತ ಬರೆದವನು ನಾನೇ ಅಮ್ಮಾ. ಅದು ಸುಳ್ಳು."

ಜನ ಕುರ್ಚಿಗಳಲ್ಲಿ ಮುಂದಕ್ಕೆ ಬಾಗಿದರು.

"ಆಗ ನನಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಹೊಸ ನೌಕರಿ. ನಮ್ಮ ಕೆಲಸ ಹೆಂಗಿತ್ತು ಅಂದ್ರೆ, ಗೂಟ ಹೊಡೆದು, ಹಗ್ಗ ಜಗ್ಗಿ, ಹಗ್ಗದ ಗುಂಟ ಸುಣ್ಣದ ಪುಡಿ ಚೆಲ್ಲೋದು. ಸುಣ್ಣ ಎಲ್ಲಿ ಹೋಯ್ತೋ ಅಲ್ಲಿ ರಸ್ತೆ. ಈ ಬಯಲಲ್ಲಿ ಎದುರು ಬರೋದಕ್ಕೆ ಏನಿತ್ತು? ಒಂದೇ ಒಂದು ಮರ. ಗೆರೆ ಸೀದಾ ಹೋಗಿ ಅದರ ಬುಡಕ್ಕೇ ತಾಗ್ತು. ಕಡಿದ್ರಾಯ್ತು ಅಂತ ಕೊಡಲಿಯವರನ್ನ ಕರ್ಕೊಂಡು ಹೋದೆ. ನೋಡಿದ್ರೆ, ಕೊಂಬೆಗೆ ಒಂದು ಬಟ್ಟೆ ಜೋಲಿ. ಒಳಗೆ ಮಗು."

ಅವರು ಕೈಯಲ್ಲಿ ಜೋಲಿಯ ಆಕಾರ ಮಾಡಿ ತೋರಿಸಿದರು. ಮುಂದಿನ ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಜಲ್ಲಿ ಒಡೆಯೋ ಹೆಂಗಸೊಬ್ಬಳದು. ಆ ಮಗುಗೆ ವಾರದಿಂದ ಜ್ವರ, ಕೆಮ್ಮು. ಅಳು ಅಂದ್ರೆ ಅಳು. ನಮ್ಮ ಡೇರೆವರೆಗೂ ಕೇಳ್ತಿತ್ತು. ಉಳಿಯಲ್ಲ ಅಂತ ಎಲ್ಲರೂ ಅನ್ಕೊಂಡಿದ್ರು. ಅವತ್ತು ಬೆಳಿಗ್ಗೆ ಮೊದಲ ಸಲ ನಿದ್ದೆ ಹತ್ತಿತ್ತಂತೆ. ನನಗೇನು ಗೊತ್ತು? ನಾನು ಅಧಿಕಾರ ತೋರ್ಸೋ ವಯಸ್ಸಿನವನು. 'ಏಯ್, ಜೋಲಿ ಬಿಚ್ಚು, ಮರ ಕಡೀಬೇಕು' ಅಂದೆ. ಆಕೆ ಸುತ್ತಿಗೆ ಕೆಳಗಿಡದೇ ಎದ್ದು ಬಂದಳು."

"ಏನಂದ್ರು?" ಎಂದಳು ಇಂಜಿನಿಯರಮ್ಮ.

"ಪೂರ್ತಿ ಹೇಳೋ ಹಾಗಿಲ್ಲಮ್ಮ, ಹೆಣ್ಣುಮಕ್ಕಳಿದ್ದೀರಿ. ಹೇಳೋ ಹಾಗಿರೋದು ಇಷ್ಟು. 'ಮಗು ತಾನಾಗಿ ಏಳೋವರೆಗೆ ಈ ಮರದ ಒಂದು ಎಲೆ ಅಲುಗಿದ್ರೂ ನಿನ್ನ ಮಂಡಿಚಿಪ್ಪು ಜಲ್ಲಿ ಮಾಡ್ತೀನಿ' ಅಂದಳು."

ಜನ ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. ಆ ಮಾತಿನ ಧಾಟಿ ನನಗೆ ಎಲ್ಲೋ ಕೇಳಿದ ಹಾಗಿತ್ತು. ಅಮ್ಮನ ಕಡೆ ನೋಡಿದೆ. ಅವಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕೇಳುವ ಕಿವಿಯನ್ನು ಮುಂದೆ ಮಾಡಿ ಕೂತಿದ್ದಳು.

"ನಾನು ನನ್ನ ಜನರ ಕಡೆ ತಿರುಗಿದೆ. ಎಳೆದು ಹಾಕ್ರೋ ಇವಳನ್ನ ಅಂದೆ. ಒಬ್ಬನೂ ಮುಂದೆ ಬರಲಿಲ್ಲ. ಕೊಡಲಿಯವರು ಕೊಡಲಿ ಕೆಳಗಿಟ್ಟು ಅದರ ಮೇಲೇ ಕೂತ್ಕೊಂಡ್ರು. ಮರುದಿನ ಬೆಳಿಗ್ಗೆ ದೊಡ್ಡ ಸಾಹೇಬ್ರು ಜೀಪಲ್ಲಿ ಬರೋರು. ಅಷ್ಟರೊಳಗೆ ಮರದಿಂದ ಆಚೆಗೂ ಕಲ್ಲು ಹಾಸಿರಬೇಕು, ಇಲ್ದಿದ್ರೆ ನನ್ನ ನೌಕರಿ ಹೋಯ್ತು. ಕಾಯೋ ಹಾಗಿಲ್ಲ, ಎಬ್ಬಿಸೋ ಹಾಗಿಲ್ಲ. ಕೊನೆಗೆ ಮೇಸ್ತ್ರಿ ಹತ್ತಿರ ಬಂದು ಪಿಸುಮಾತಲ್ಲಿ ಹೇಳಿದ. 'ಸ್ವಾಮಿ, ಗೆರೆ ಒಂಚೂರು ಪಕ್ಕಕ್ಕೆ ಸರಿಸಿಬಿಡೋಣ. ನಾಳೆ ಸರಿ ಮಾಡಿದ್ರಾಯ್ತು.' ರಸ್ತೆ ಅಂದ್ರೆ ಕಟ್ಟಿಗೆ ಅಲ್ಲ, ಅಲ್ಲೇ ಮುರಿಯೋಕಾಗಲ್ಲ. ಹಿಂದಿನಿಂದಲೇ ಗೂಟ ಕಿತ್ತು ಕಿತ್ತು ಮತ್ತೆ ನೆಟ್ಟೆವು, ಬಾಗು ಸಲೀಸಾಗಿ ಬರಬೇಕಲ್ಲ. ಮರ ಬಿಟ್ಟು ಸುತ್ತ ಹೋದೆವು."

ಅವರು ಮಾತು ನಿಲ್ಲಿಸಿ ಗೋಡೆಯ ಮೇಲಿನ ಚಿತ್ರ ನೋಡಿದರು.

"ಅಮ್ಮಾ, ನಾನು ಆಮೇಲೆ ಎಷ್ಟೋ ರಸ್ತೆ ಮಾಡಿಸಿದ್ದೀನಿ. ಅಂಥ ದಿನ ಇನ್ನೊಂದು ನೋಡಲಿಲ್ಲ. ಯಾರೂ ಹೇಳದೇನೇ ಎಲ್ಲರೂ ಬಾಯಿ ಮುಚ್ಚಿದ್ರು. ಬುಟ್ಟಿಯಿಂದ ಕಲ್ಲು ಸುರಿಯೋದು ಬಿಟ್ಟು ಒಂದೊಂದೇ ಕೈಯಲ್ಲಿ ಎತ್ತಿ, ಮೊಟ್ಟೆ ಇಡೋ ಹಾಗೆ ನೆಲಕ್ಕೆ ಇಟ್ರು. ಗಂಡಸರು, ಹೆಂಗಸರು, ದಿನಾ ಜಗಳಾಡಿ ತಲೆ ಒಡ್ಕೊಳ್ಳೋರು, ಕೆಮ್ಮು ಬಂದ್ರೆ ದೂರ ಓಡಿಹೋಗಿ ಕೆಮ್ಮಿ ಬರೋರು. ರೋಲರ್ ಡ್ರೈವರು ಇಂಜಿನ್ ಆರಿಸಿ ಚಕ್ರಕ್ಕೆ ಒರಗಿ ನಿಂತಿದ್ದ. ಇಡೀ ಹಗಲು ಒಂದು ಹೆದ್ದಾರಿ ಸದ್ದಿಲ್ಲದೆ ಮುಂದೆ ಹೋಯ್ತು. ಸಂಜೆ ಜೋಲಿ ಅಲುಗಿತು, ಮಗು ಎದ್ದು ಹಾಲು ಕೇಳೋ ಅಳು ಅತ್ತಿತು. ಜ್ವರ ಬಿಟ್ಟಿತ್ತು. ಆಗ ಎದ್ದ ಕೇಕೆ ನೋಡಬೇಕಿತ್ತು ನೀವು! ಆಮೇಲೇನೇ ರೋಲರ್ ಚಾಲೂ ಆಗಿದ್ದು."

ಸಕ್ಕರೆ ಟ್ರೇ ಹಿಡಿದುಕೊಂಡು ಹಾಗೇ ನಿಂತಿದ್ದ.

"ಬೆಳಿಗ್ಗೆ ಸಾಹೇಬ್ರು ಬಂದು ಇದ್ಯಾಕಯ್ಯಾ ಬಾಗಿದೆ ಅಂದ್ರು. ಮಗು ಮಲಗಿತ್ತು ಅನ್ನೋಕೆ ಧೈರ್ಯ ಬೇಕಲ್ಲ. ಮೆತ್ತನೆ ಮಣ್ಣು ಸಾರ್ ಅಂದೆ. ಜಾಣ ಅಂದ್ರು. ಅಷ್ಟೇ. ನಾಳೆ ಸರಿ ಮಾಡೋಣ ಅಂದಿದ್ದು ಇವತ್ತಿನವರೆಗೂ—"

"ಸುಳ್ಳು!"

ಎಲ್ಲರೂ ಗೋಡೆಯ ಕಡೆ ತಿರುಗಿದರು. ಅಮ್ಮ ಎದ್ದು ನಿಂತಿದ್ದಳು. ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ, ಇನ್ನೊಂದು ಕೈಯಲ್ಲಿ ಖಾಲಿ ಲೋಟ.

"ಎಲ್ಲಾ ಹೇಳ್ತಾನೆ, ತಾನು ಅತ್ತಿದ್ದು ಹೇಳಲ್ಲ. ಮಗು ಮಲಗಿತ್ತು. ಅವತ್ತು ಅತ್ತಿದ್ದು ಈ ಓವರ್‌ಸಿಯರ್. 'ಅಕ್ಕಾ, ನನ್ನ ನೌಕರಿ ಹೋಗುತ್ತೆ' ಅಂತ ಮರದ ಬುಡದಲ್ಲಿ ಕೂತು ಗೊಳೋ ಅಂತ. ಮೆಲ್ಲಗೆ ಅಳು, ಮಗು ಎದ್ದೀತು ಅಂತ ನಾನೇ ಬೈದೆ."

ನಗು ಛಾವಣಿ ಹಾರಿಸುವ ಹಾಗೆ ಎದ್ದಿತು. ಓವರ್‌ಸಿಯರ್ ನಗಲಿಲ್ಲ. ಊರುಗೋಲು ಊರುತ್ತಾ ಜನರ ನಡುವೆ ದಾರಿ ಮಾಡಿಕೊಂಡು ಅಮ್ಮನ ಎದುರಿಗೆ ಬಂದು ನಿಂತರು. ಬಹಳ ಹೊತ್ತು ಮುಖ ನೋಡಿದರು.

"ಹೌದು ತಾಯಿ, ಅತ್ತಿದ್ದೆ," ಎಂದರು. "ಒಂದು ಕೇಳ್ತೀನಿ. ಆಮೇಲೆ ನನ್ನನ್ನ ಬೇರೆ ಕಡೆ ಹಾಕಿದ್ರು. ಆ ಮಗು... ಮುಂದೆ ಉಳೀತಾ?"

ಅಮ್ಮ ಗದ್ದ ಎತ್ತಿ ನನ್ನ ಕಡೆ ತೋರಿಸಿದಳು.

"ಅಲ್ಲಿ ನಿಂತಿದೆಯಲ್ಲ, ಬಾಯಿ ಬಿಟ್ಕೊಂಡು."

ಇಡೀ ಊರು ನನ್ನನ್ನು ನೋಡಿತು. ಜನ್ಮದಲ್ಲಿ ಮೊದಲ ಸಲ ಕಂಪ್ರೆಸರಿನ ಗಾಳಿ ಪೂರಾ ಇಳಿಯಿತು. ಆ ಹಿರಿಯರು ಕೈಯನ್ನು ನನ್ನ ತಲೆಯ ಮೇಲಿಟ್ಟು, "ನೀನಾ? ಅಯ್ಯೋ, ನೀನಾ?" ಎಂದು ಎರಡೆರಡು ಸಲ ಕೇಳಿದರು. ಗ್ರೀಸು ಮೆತ್ತಿದ ನನ್ನ ಕೈಗಳನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ಜನರನ್ನು ಸರಿಸಿಕೊಂಡು ಹೊರಗೆ ಬಂದುಬಿಟ್ಟೆ.

ಶಾಲೆಯ ಗೇಟಿನಿಂದ ಹೆದ್ದಾರಿ ಪೂರ್ತಿ ಕಾಣುತ್ತದೆ. ಆ ಮರ ಯಾವುದೋ ಗಾಳಿಗೆ ಬಿದ್ದು ಹೋಗಿ, ಅದಿದ್ದ ಜಾಗದಲ್ಲಿ ಬಸ್ ನಿಲ್ದಾಣ ಬಂದಿರಬೇಕು, ಬಾಗಿನ ಹೊಟ್ಟೆಯಲ್ಲಿ ಬೇರೆ ಜಾಗವೇ ಇಲ್ಲ. ಬೆಟ್ಟದ ಕಡೆಯಿಂದ ಕಲ್ಲು ತುಂಬಿದ ಲಾರಿ ಬಂತು. ಬಾಣದಂತೆ ಬಂದದ್ದು ಇಲ್ಲಿ ಗೇರು ಇಳಿಸಿ, ಬಾಗಿ, ಸುತ್ತಿಕೊಂಡು ಹೋಯಿತು. ಹಿಂದೆಯೇ ಬಸ್ಸು. ಅದೂ ಬಾಗಿತು. ಮೀನಿನ ವ್ಯಾನು, ಆಂಬುಲೆನ್ಸು, ಮದುವೆಗೆ ಹೊರಟ ಕಾರುಗಳ ಸಾಲು, ಹಾಲಿನ ಟ್ಯಾಂಕರು, ಸೈಕಲ್ಲಿನ ಮುದುಕ. ಒಬ್ಬೊಬ್ಬರೂ, ಒಬ್ಬರೂ ತಪ್ಪದೆ, ಬಲಕ್ಕೆ ಸರಿದು ಎಡಕ್ಕೆ ತಿರುಗಿ ಹೋದರು. ನಾನು ಹುಟ್ಟಿದ ವರ್ಷದಿಂದ ಹೀಗೇ. ಮಂತ್ರಿಗಳ ಕಾರು ಹೀಗೇ ಸರಿದಿತ್ತು, ಸೈನ್ಯದ ವಾಹನಗಳು ಹೀಗೇ ಸರಿದಿದ್ದವು. ಬೆಟ್ಟದಿಂದ ಸಮುದ್ರಕ್ಕೆ ಹೋದ ಪ್ರತಿಯೊಂದು ಜೀವವೂ ಇಲ್ಲಿ ಬಂದಾಗ ಒಂದು ಮಗು ಮಲಗಿದೆ ಎಂದು ಪಕ್ಕಕ್ಕೆ ಹೋಗಿತ್ತು. ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಹೆರಿಗೆ ಆಸ್ಪತ್ರೆ ನೋಡಿದೆ, ಶಾಲೆ ನೋಡಿದೆ, ನನ್ನ ಅಂಗಡಿಯ ಎದುರಿಗೆ ನೇತುಹಾಕಿದ ಹಳೇ ಟೈರು ನೋಡಿದೆ. ಈ ಊರಿಗೆ ಊರೇ ನನ್ನ ಒಂದು ಹಗಲಿನ ನಿದ್ದೆಯ ಮೇಲೆ ಕೂತಿದೆ. ಗೇಟು ಹಿಡಿದುಕೊಂಡೆ.

ಯಾವಾಗಲೋ ಇಂಜಿನಿಯರಮ್ಮ ಪಕ್ಕದಲ್ಲಿ ಬಂದು ನಿಂತಿದ್ದಳು. ಅವಳೂ ಲಾರಿಗಳನ್ನೇ ನೋಡುತ್ತಿದ್ದಳು.

"ನಾನು ನೇರ ಮಾಡ್ಲೇಬೇಕು ಅಮ್ಮಾ," ಎಂದಳು. "ಈಗಿನ ವೇಗಕ್ಕೆ ಈ ಬಾಗು ಆಗಲ್ಲ. ಹಳೇದು ಊರ ರಸ್ತೆಯಾಗಿ ಉಳಿಯುತ್ತೆ. ಬೇಜಾರಾ?"

"ಮಾಡವ್ವ," ಎಂದೆ. "ಮಗು ಯಾವತ್ತೋ ಎದ್ದಾಗಿದೆ."

ಅವಳು ನನ್ನ ಹೆಗಲ ಮೇಲೊಮ್ಮೆ ಕೈಯಿಟ್ಟು ಒಳಗೆ ಹೋದಳು.

ನಾನು ಅಂಗಡಿಗೆ ಬರುವಷ್ಟರಲ್ಲಿ ತಮ್ಮನ ಕಾರು ಬಂದು ನಿಂತಿತ್ತು. ಚೀಲ ಆಗಲೇ ಡಿಕ್ಕಿಗೆ ಹೋಗಿತ್ತು. ಅಮ್ಮನನ್ನು ಯಾರೋ ಕೈಹಿಡಿದು ಕರೆತಂದಿದ್ದರು. ಅವಳು ಹಿಂದಿನ ಸೀಟಿನಲ್ಲಿ, ಬಾಗಿಲು ತೆರೆದಿಟ್ಟು, ಕಾಲು ಹೊರಗೆ ಬಿಟ್ಟುಕೊಂಡು ಕೂತಿದ್ದಳು. ಮಂಡಿ ಮಡಚಲು ಸಮಯ ಬೇಕು ಅವಳಿಗೆ. ತಮ್ಮ ಸಕ್ಕರೆಯ ಅಂಗಡಿಯಲ್ಲಿ ನೀರಿನ ಬಾಟಲಿ ಕೊಳ್ಳುತ್ತಿದ್ದ.

ನಾನು ಅವಳೆದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ. ಕೇಳುವ ಕಿವಿ ಯಾವುದೆಂದು ನೋಡಿಕೊಂಡು ಕೇಳಿದೆ.

"ಅಷ್ಟು ಮಾಡಿದವಳು, ನನ್ನನ್ನ ಅಜ್ಜಿ ಮನೇಲಿ ಯಾಕೆ ಬಿಟ್ಟೆ?"

"ಮತ್ತೇನು ಮಾಡ್ಲಿ?" ಎಂದಳು ಅಮ್ಮ, ರೇಗಿ. "ದಿನಾ ಜಲ್ಲಿ ಧೂಳು. ಆ ಕೆಮ್ಮು ಮತ್ತೆ ಶುರುವಾಗಿತ್ತು ನಿನಗೆ. ಮರ ಕಡಿಯೋರನ್ನ ತಡೀಬಹುದು, ರೋಲರನ್ನ ತಡೀಬಹುದು. ಧೂಳಿಗೆ ಯಾವ ಸುತ್ತಿಗೆ ತೋರಿಸ್ಲಿ?"

"ರಸ್ತೆ ಮುಗಿದ ಮೇಲಾದ್ರೂ ಕರ್ಕೊಂಡು ಬರಬಹುದಿತ್ತು."

"ಬಂದಿದ್ದೆ. ನೀನು ನನ್ನ ಗುರುತು ಹಿಡೀದೆ ಅಜ್ಜಿಯ ಹಿಂದೆ ಬಚ್ಚಿಟ್ಕೊಂಡೆ. ಎಳೆದ್ರೆ ಕಿರುಚಿದೆ." ಅವಳು ತನ್ನ ಮಂಡಿಯನ್ನು ಅಂಗೈಯಲ್ಲಿ ಉಜ್ಜಿಕೊಂಡಳು. "ಅಳಿಸಿ ಕರ್ಕೊಂಡು ಬರೋಕೆ ಮನಸ್ಸಾಗಲಿಲ್ಲ. ಬಸ್ ಹತ್ತಿ ಬಂದೆ."

ನನ್ನ ಎದೆಯಲ್ಲಿ ಅಷ್ಟು ವರ್ಷ ಗಟ್ಟಿಯಾಗಿ ಕೂತಿದ್ದದ್ದು ಎಲ್ಲಿ ಹೋಯಿತೋ. ಅಂಗಡಿಯ ಎದುರಿಗೆ, ಹೋಗಿಬರುವವರೆಲ್ಲ ನೋಡುತ್ತಿದ್ದಂತೆ, ಅವಳ ಮಂಡಿಯ ಮೇಲೆ ತಲೆಯಿಟ್ಟು ಅತ್ತೆ. ಒರಟು ಬೆರಳುಗಳು ಬಂದು ನನ್ನ ಕೂದಲಲ್ಲಿ ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ನಿಂತವು. ಅವುಗಳಿಗೆ ಅಭ್ಯಾಸವಿರಲಿಲ್ಲ.

"ಇಷ್ಟು ವರ್ಷದಲ್ಲಿ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತಮ್ಮಾ?"

ಅಮ್ಮನಿಗೆ ನಿಜಕ್ಕೂ ಆಶ್ಚರ್ಯವಾಯಿತು. ನಾನು ತಲೆ ಎತ್ತಿ ನೋಡಿದಾಗ ಅವಳ ಮುಖದಲ್ಲಿ ಅದೇ ಇತ್ತು.

"ಹೇಳೋದೇನಿದೆ?" ಎಂದಳು, ತಿರುವಿನ ಕಡೆ ಗದ್ದ ಎತ್ತಿ. "ದಿನಾ ಕಣ್ಣೆದುರಿಗೇ ಇತ್ತಲ್ಲ."

ತಮ್ಮ ಬಾಟಲಿ ಹಿಡಿದು ಬಂದ. ನಾನು ಕಣ್ಣೊರೆಸಿಕೊಂಡು ಎದ್ದು, ಡಿಕ್ಕಿ ತೆಗೆದು ಚೀಲ ಇಳಿಸಲು ಅವನಿಗೆ ಹೇಳಿದೆ.